ಕರಿಬೇವಿನ ಗಿಡಕ್ಕೆ ಬೇವಿನೆಣ್ಣೆ

ನಮ್ಮ ಪತ್ರಿಕೆಯ ವಾಚಕರಲ್ಲಿ ಬಹುಪಾಲು ಮಂದಿ ಹೋಟೆಲುಗಳ ಅಡುಗೆಮನೆಯಲ್ಲಿಯೂ ಗಲ್ಲಾದ ಮುಂದೆಯೂ ದುಡಿಯತಕ್ಕವರು; ಉಳಿದವರು ಕಾರ್ಖಾನೆ, ಬ್ಯಾಂಕು, ಕಚೇರಿಗಳಲ್ಲಿ ಗುಮಾಸ್ತೆಗಳಾಗಿರುವವರು. ಇಂಥವರಿಗೆ ತೋಟದ ಹುಳುಹುಪ್ಪಟೆಯ ವಿಚಾರವೇಕೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಊರು ಬಿಟ್ಟು ಬಂದ ಕನ್ನಡಿಗನು ಎಲ್ಲಿ ನೆಲೆಸಿದರೂ ನಾಲ್ಕು ದಿನಗಳೊಳಗಾಗಿ ಒಂದು ತಗಡಿನ ಡಬ್ಬಿಯಲ್ಲಿ ತುಳಸಿಯನ್ನೋ ದೊಡ್ಡಪತ್ರೆಯನ್ನೋ ನೆಡದೆ ಇರಲಾರನು. ಕುಷಾಯಿಗೂಡದ ಬೀದಿಗಳಲ್ಲಿ ತಲೆ ಎತ್ತಿ ನಡೆದರೆ ಈ ಮಾತಿನ ಸತ್ಯವು ತಿಳಿಯುತ್ತದೆ. ಹೋಟೆಲಿನ ಮಾಳಿಗೆಯ ಮೇಲೆ ಕೆಲಸಗಾರರ ಕೊಠಡಿ. ಕೊಠಡಿಯ ಮುಂದೆ ಎಣ್ಣೆಯ ಖಾಲಿ ಡಬ್ಬಿಗಳ ಸಾಲು. ಆ ಡಬ್ಬಿಗಳಲ್ಲಿ ಬಸಳೆ, ಮೆಣಸು, ಟೊಮೇಟೊ, ಒಂದೆರಡು ಮಲ್ಲಿಗೆ. ಚೆರ್ಲಪಲ್ಲಿಯ ಕಾರ್ಖಾನೆಗಳಿಗೂ ಇ.ಸಿ.ಐ.ಎಲ್. ಚೌರಸ್ತೆಯ ಕಚೇರಿಗಳಿಗೂ ಹೋಗಿಬರುವ ನಮ್ಮ ಗುಮಾಸ್ತೆ ಬಂಧುಗಳ ಬಾಡಿಗೆ ಮನೆಗಳಲ್ಲಿಯೂ ಇದೇ ನೋಟ. ಗಿಡವಿದ್ದಲ್ಲಿ ಹುಳುವುಂಟು, ಹುಳುವಿದ್ದಲ್ಲಿ ಅದಕ್ಕೆ ಮದ್ದು ಹುಡುಕುವ ಆತುರವೂ ಉಂಟು. ಆ ಆತುರವು ಎಂಥ ಅನಾಹುತಕ್ಕೆ ಕಾರಣವಾಗಬಲ್ಲುದೆಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆನಾದುದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಒಂದು ಸೋಡಾ ಬಾಟಲಿಯ ಕಥೆ

ಪತ್ರಿಕೆಯ ಕೆಲಸಕ್ಕೆ ಕೈಹಾಕುವುದಕ್ಕೆ ಮೊದಲು ನಾನು ಇದೇ ಕುಷಾಯಿಗೂಡದಲ್ಲಿ ಒಂದು ಸಣ್ಣ ಹೋಟೆಲನ್ನು ನಡೆಸುತ್ತಿದ್ದೆನೆಂಬುದು ಅನೇಕರಿಗೆ ಗೊತ್ತಿದೆ. ಹೋಟೆಲಿನ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ನೀರು ಹರಿದುಹೋಗುವ ಮೂಲೆಯಲ್ಲಿ, ಒಂದು ಕರಿಬೇವಿನ ಗಿಡ ತಾನಾಗಿ ಹುಟ್ಟಿ ಆಳೆತ್ತರ ಬೆಳೆದಿತ್ತು. ಸಾಂಬಾರಿಗೂ ಉಪ್ಪಿಟ್ಟಿಗೂ ಬೇಕಾದ ಸೊಪ್ಪನ್ನು ಅದೇ ಕೊಡುತ್ತಿತ್ತು. 2016ರ ಬೇಸಗೆಯಲ್ಲಿ ಅದರ ಎಳೆಯ ಕುಡಿಗಳೆಲ್ಲ ಮುರುಟಿಕೊಳ್ಳತೊಡಗಿದವು. ಎಲೆಗಳ ಅಡಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಹುಳುಗಳು. ಮುಟ್ಟಿದರೆ ಬೆರಳಿಗೆ ಜಿಗುಟು. ಕೆಲಸದ ಗಡಿಬಿಡಿಯಲ್ಲಿದ್ದ ನಾನು, ಕುಂದಾಪುರದ ಕಡೆಯಿಂದ ಬಂದಿದ್ದ ಸಪ್ಲೈಯರ್ ಹುಡುಗನನ್ನು ಕರೆದು, "ಏನಾದರೂ ಒಳ್ಳೆಯ ಸ್ಟ್ರಾಂಗ್ ಮದ್ದು ತಂದು ಹೊಡೆ" ಎಂದು ಹಣ ಕೊಟ್ಟು ಕಳುಹಿಸಿದೆ. ಆ 'ಸ್ಟ್ರಾಂಗ್' ಎಂಬ ಶಬ್ದವು ನನ್ನ ಬಾಯಿಂದಲೇ ಹೊರಟದ್ದೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹುಡುಗನು ಎಲ್ಲಿಂದಲೋ ಒಂದು ಸೋಡಾ ಬಾಟಲಿಯಲ್ಲಿ ಸುರಿಸಿಕೊಂಡು ಬಂದ ದ್ರವಕ್ಕೆ ಹೆಸರಿರಲಿಲ್ಲ, ಚೀಟಿಯಿರಲಿಲ್ಲ, ಅಳತೆಯ ಸೂಚನೆಯೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಬನಿಯನ್ನು ತೊಟ್ಟು, ಮೂಗಿಗೊಂದು ಟವೆಲು ಸುತ್ತಿಕೊಂಡು, ಗಾಳಿಗೆದುರಾಗಿ ನಿಂತು ಇಡೀ ಗಿಡಕ್ಕೆ ಸಿಂಪಡಿಸಿದನು. ಸಾಯಂಕಾಲದ ಕಾಫಿಯ ವೇಳೆಗೆ ಅವನ ಮೈಯೆಲ್ಲ ಬೆವರಿಳಿಯಿತು, ಬಾಯಲ್ಲಿ ಜೊಲ್ಲು ಸುರಿಯಿತು, ವಾಂತಿಯಾಯಿತು, ಕಣ್ಣು ಮಂಜಾಗಿದೆಯೆಂದನು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಅವನ ಕಣ್ಣಿನ ಪಾಪೆಗಳನ್ನು ನೋಡಿದ ಒಡನೆಯೇ ವೈದ್ಯರು "ಯಾವ ಕೀಟನಾಶಕ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಲಕ್ಷಣಗಳ ಮೇಲಿಂದಲೇ ಚಿಕಿತ್ಸೆಯನ್ನು ನಡೆಸಿ, ಅಟ್ರೋಪಿನ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಟ್ಟು, ಮೂರನೆಯ ದಿನ ಅವನನ್ನು ಅಪಾಯದಿಂದ ಪಾರುಮಾಡಿದರು. ಊರಿನಿಂದ ಅವನ ತಾಯಿ ಫೋನು ಮಾಡಿ ನನ್ನೊಡನೆ ಆಡಿದ್ದು ಒಂದೇ ಮಾತು: "ಅವನನ್ನು ಹೋಟೆಲಿಗೆ ಕಳಿಸಿದ್ದಲ್ಲವೇ, ವಿಷ ಹೊಡೆಯುವುದಕ್ಕೆ ಕಳಿಸಿದ್ದೇ?" ನಾನು ನಿರುತ್ತರನಾದೆ.

ಆಸ್ಪತ್ರೆಯಿಂದ ಹಿಂದಿರುಗಿದ ರಾತ್ರಿ ಇನ್ನೆರಡು ಸಂಗತಿಗಳು ಮನಸ್ಸಿಗೆ ಹೊಳೆದು ಮೈ ನಡುಗಿತು. ಉಳಿದ ಅರ್ಧ ಬಾಟಲಿಯನ್ನು ಯಾರೋ ಉಗ್ರಾಣದ ಹಲಗೆಯ ಮೇಲೆ, ಎಳ್ಳೆಣ್ಣೆಯ ಬಾಟಲಿಯ ಪಕ್ಕದಲ್ಲಿಯೇ ಇಟ್ಟಿದ್ದರು. ಎರಡನೆಯದಾಗಿ, ಹುಡುಗನು ಕಾಯಿಲೆ ಬೀಳದೆ ಇದ್ದಿದ್ದರೆ ಮರುದಿನ ಬೆಳಗ್ಗೆ ಅದೇ ಗಿಡದ ಸೊಪ್ಪು ನೂರಾರು ಗಿರಾಕಿಗಳ ಸಾಂಬಾರಿಗೆ ಬೀಳುತ್ತಿತ್ತು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದೂಟ ಮಾಡಿ 23 ಮಕ್ಕಳು ಮೃತಪಟ್ಟ ಘೋರ ದುರಂತವನ್ನು ವಾಚಕರು ಮರೆತಿರಲಾರರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿತ್ತೆಂದು ಪರೀಕ್ಷೆಯಿಂದ ತಿಳಿದುಬಂದಿತು. ಅಡುಗೆಮನೆಯಲ್ಲಿ ದುಡಿಯುವ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ.

ತಾಯ್ನಾಡಿನ ಅನುಭವ

ವಿಷದ ಈ ಮುಖವು ಕನ್ನಡಿಗರಿಗೆ ಹೊಸತೇನೂ ಅಲ್ಲ. ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲ್ಪಟ್ಟಿತು. ಗೇರಿನ ಚಿಗುರನ್ನು ಹೀರುವ ಚಹಾ ಸೊಳ್ಳೆ ಎಂಬೊಂದು ತಿಗಣೆಯನ್ನು ನಾಶಮಾಡುವುದಷ್ಟೇ ಅದರ ಉದ್ದೇಶವಾಗಿತ್ತು. ಗುಡ್ಡದ ತಲೆಯ ಮೇಲೆ ಬಿದ್ದ ಮದ್ದು ತಪ್ಪಲಿನ ಸುರಂಗಗಳ ನೀರಿಗೆ, ತೋಡುಗಳಿಗೆ, ಬಾವಿಗಳಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಗ್ರಾಮಗಳಲ್ಲಿ ಅಂಗವಿಕಲರಾದ ಮಕ್ಕಳೂ, ಬುದ್ಧಿ ಬೆಳೆಯದ ಮಕ್ಕಳೂ, ನರರೋಗಗಳೂ ಅಸಹಜವಾಗಿ ಹೆಚ್ಚಿರುವುದನ್ನು ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ಗುರುತಿಸಿದರು. ಪತ್ರಕರ್ತರಾದ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿನ ಗಮನಕ್ಕೆ ತಂದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲೂ ಗೇರುತೋಟಗಳ ಮೇಲೆ ಇದೇ ಮದ್ದು ಸುರಿದು ಇದೇ ಬಗೆಯ ದುಃಖವನ್ನು ಉಂಟುಮಾಡಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೈಬಿಡತಕ್ಕ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಗಳನ್ನು ತಡೆಹಿಡಿಯಿತು. ಆ ಗ್ರಾಮಗಳ ಕಡೆಯಿಂದ ಹೈದರಾಬಾದಿಗೆ ಬಂದು ಲೋಟ ತೊಳೆದು, ದೋಸೆ ಹುಯ್ದು ಮನೆಗೆ ಹಣ ಕಳಿಸುವ ಸೋದರರು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ವಿಷಯವನ್ನು ನಾವು ಹೇಳಿಕೊಡಬೇಕಾದುದಿಲ್ಲ.

ಅದೇ ಕಾಸರಗೋಡಿನಲ್ಲಿ ಇನ್ನೊಂದು ದಾರಿಯೂ ತೆರೆದಿತ್ತೆಂಬುದು ಗಮನಾರ್ಹವಾದ ಸಂಗತಿ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಅಲ್ಲಿ ಸ್ಥಾಪಿತವಾದ ಕೇಂದ್ರವು ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿಯು ಕೆಲವೇ ಕಾಲದಲ್ಲಿ ಕರ್ನಾಟಕದ ತೋಟಗಳಿಗೂ ಹಬ್ಬಿ, ಕಾಯಿಗಳನ್ನು ಕಜ್ಜಿ ಹಿಡಿದಂತೆ ಕುಗ್ಗಿಸಿದಾಗ, ಆ ಸಂಸ್ಥೆಯು ರೈತರಿಗೆ ಸೂಚಿಸಿದ ಪರಿಹಾರಗಳಲ್ಲಿ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನುಗಳ ಮಿಶ್ರಣವೂ ಒಂದು. 10 ಲೀಟರ್ ನೀರಿಗೆ 200 ಮಿಲಿಲೀಟರ್ ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಸಾಬೂನು ಎಂಬುದು ಅದರ ಲೆಕ್ಕ. ಅಡುಗೆಮನೆಯ ಬೆಳ್ಳುಳ್ಳಿಯೂ ಬಚ್ಚಲಿನ ಸಾಬೂನೂ ಸಂಶೋಧನಾಲಯದ ಶಿಫಾರಸಿನಲ್ಲಿ ಸ್ಥಾನ ಪಡೆದವೆಂಬುದು ಸಾಮಾನ್ಯ ಮಾತಲ್ಲ.

ಎಣ್ಣೆಯು ಮಾಡುವ ಕೆಲಸ

ಎಣ್ಣೆಯು ಹುಳುವನ್ನು ಹೇಗೆ ನಿಗ್ರಹಿಸುತ್ತದೆ? ಇದಕ್ಕೆ ಎರಡು ಬಗೆಗಳುಂಟು. ಹುಳುಗಳಿಗೆ ನಮ್ಮಂತೆ ಮೂಗಿಲ್ಲ; ಮೈಯ ಇಕ್ಕೆಲಗಳಲ್ಲಿರುವ ಸಣ್ಣ ರಂಧ್ರಗಳಿಂದ ಅವು ಉಸಿರಾಡುತ್ತವೆ. ಯಾವುದೇ ಎಣ್ಣೆಯ ತೆಳುವಾದ ಪೊರೆ ಮೈಮೇಲೆ ಹರಡಿದರೆ ಆ ರಂಧ್ರಗಳು ಮುಚ್ಚಿಹೋಗಿ, ಮೆತ್ತನೆಯ ಮೈಯುಳ್ಳ ಸಸ್ಯಹೇನು, ಬಿಳಿನೊಣದ ಮರಿ, ಹಿಟ್ಟುತಿಗಣೆಯ ಎಳೆಯ ಮರಿ, ನುಸಿ ಮುಂತಾದವು ಉಸಿರುಗಟ್ಟಿ ಸಾಯುತ್ತವೆ. ಇದು ಎಲ್ಲ ಎಣ್ಣೆಗಳಿಗೂ ಸಾಧಾರಣವಾದ ಗುಣ.

ಎರಡನೆಯದು ಬೇವಿಗೆ ವಿಶೇಷವಾದುದು. ಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ಎಂಬ ವಸ್ತುವಿದೆಯೆಂದು 1968ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿ ತೋರಿಸಿದರು. ಅದು ಹುಳುವನ್ನು ಒಡನೆಯೇ ಕೊಲ್ಲುವುದಿಲ್ಲ. ಎಲೆಯ ಮೇಲೆ ಅದಿದ್ದರೆ ಹುಳು ತಿನ್ನಲು ಹಿಂಜರಿಯುತ್ತದೆ. ತಿಂದರೆ ಅದರ ಪೊರೆ ಕಳಚುವ ಕ್ರಿಯೆ ಕೆಟ್ಟು, ಮರಿಯು ಪ್ರಾಯಕ್ಕೆ ಬಾರದೆ ನಶಿಸುತ್ತದೆ. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ಹಿಂಡು ಹಸುರೆಲ್ಲವನ್ನೂ ಬೋಳಿಸಿ ಹೋದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಷ್ ಶ್ಮುಟ್ಟರರ್ ಕಂಡರು. 1962ರಲ್ಲಿ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನರೂ ಅವರ ಸಂಗಡಿಗರೂ ಬೇವಿನ ಬೀಜದ ನೀರನ್ನು ಸಿಂಪಡಿಸಿ ಮಿಡತೆಗಳಿಂದ ಪೈರನ್ನು ಉಳಿಸಿ ತೋರಿಸಿದರು. ಧಾನ್ಯದ ಕಣಜದಲ್ಲಿಯೂ ಬಟ್ಟೆಯ ಪೆಟ್ಟಿಗೆಯಲ್ಲಿಯೂ ಬೇವಿನೆಲೆಯನ್ನು ಇಡುತ್ತಿದ್ದ ನಮ್ಮ ಅಜ್ಜಿಯರ ರೂಢಿಗೆ ಹೀಗೆ ಶಾಸ್ತ್ರದ ಸಮ್ಮತಿಯೂ ದೊರೆತಂತಾಯಿತು.

ಈ ರೂಢಿಯ ಜ್ಞಾನವನ್ನು ಪರರು ತಮ್ಮ ಸ್ವತ್ತಾಗಿಸಿಕೊಳ್ಳಲು ಯತ್ನಿಸಿದ ಕಥೆಯೂ ಒಂದುಂಟು. ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರರೋಗಗಳನ್ನು ತಡೆಯುವ ವಿಧಾನಕ್ಕೆ 1994ರಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯು ಅಮೆರಿಕದ ಡಬ್ಲ್ಯೂ. ಆರ್. ಗ್ರೇಸ್ ಕಂಪೆನಿಗೂ ಅಲ್ಲಿಯ ಸರ್ಕಾರದ ಕೃಷಿ ಇಲಾಖೆಗೂ ಜಂಟಿಯಾಗಿ ಪೇಟೆಂಟನ್ನು ನೀಡಿತು. ಭಾರತದ ವಂದನಾ ಶಿವ ಮೊದಲಾದವರು ಅದನ್ನು ಪ್ರತಿಭಟಿಸಿ, ಇದು ಹೊಸ ಶೋಧನೆಯಲ್ಲವೆಂದು ವಾದಿಸಿದರು. 2000ದ ಮೇ ತಿಂಗಳಲ್ಲಿ ಪೇಟೆಂಟು ರದ್ದಾಯಿತು. 2005ರ ಮಾರ್ಚ್ 8ರಂದು ಕಂಪೆನಿಯ ಮೇಲ್ಮನವಿಯೂ ವಜಾ ಆಯಿತು. ಯುಗಾದಿಯ ದಿನ ಬೇವುಬೆಲ್ಲ ತಿನ್ನುವ ನಾವು ಆ ತೀರ್ಪಿನ ಫಲವನ್ನು ಯಾರಿಗೂ ಕಾಣಿಕೆ ಕೊಡದೆ ಅನುಭವಿಸುತ್ತಿದ್ದೇವೆ.

ಬೆರೆಸುವ ಕ್ರಮ

ನನ್ನ ಹೋಟೆಲಿಗೆ ದಿನವೂ ಚಹಾಕ್ಕೆ ಬರುತ್ತಿದ್ದ ನಿವೃತ್ತ ಮಾಲಿಯೊಬ್ಬರು, ಹುಡುಗನ ಸಮಾಚಾರವನ್ನು ಕೇಳಿ, "ಸ್ವಾಮಿ, ವೇಪ ನೂನೆ, ಕುಂಕುಡು ನೊರೆ, ಇಷ್ಟು ಸಾಕಾಗಿತ್ತು" ಎಂದು ತೆಲುಗಿನಲ್ಲಿ ಹೇಳಿದರು. ವೇಪ ಎಂದರೆ ಬೇವು. ಕುಂಕುಡು ಎಂದರೆ ನಮ್ಮ ಅಂಟುವಾಳ. ಅವರಿಂದ ಕಲಿತುದನ್ನೂ ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ವಿವರಿಸುತ್ತೇನೆ.

ಬೇಕಾದ ವಸ್ತುಗಳು: ಗಾಣದಲ್ಲಿ ತಣ್ಣಗೆ ಹಿಂಡಿ ತೆಗೆದ ಶುದ್ಧ ಬೇವಿನೆಣ್ಣೆ 5 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚ; ಒಂದು ಲೀಟರ್ ನೀರು; ಒಂದೆರಡು ಗ್ರಾಂ ಮೃದುವಾದ ಬಾರ್ ಸಾಬೂನು ಅಥವಾ ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿದ ನೊರೆನೀರು. ಬಟ್ಟೆ ಒಗೆಯುವ ಖಾರವಾದ ಪುಡಿಯನ್ನು ಉಪಯೋಗಿಸಕೂಡದು; ಅದು ಎಲೆಯನ್ನು ಸುಡುತ್ತದೆ.

ಎಣ್ಣೆಯೂ ನೀರೂ ತಾವಾಗಿ ಬೆರೆಯುವುದಿಲ್ಲವೆಂಬುದು ಅಡುಗೆಯವರಿಗೆ ಹೇಳಬೇಕಾದ ಮಾತಲ್ಲ. ಮೊದಲು ಸ್ವಲ್ಪ ಉಗುರುಬೆಚ್ಚನೆಯ ನೀರಿನಲ್ಲಿ ಸಾಬೂನನ್ನು ಕರಗಿಸಿ, ಎಣ್ಣೆಯನ್ನು ಹನಿಹನಿಯಾಗಿ ಸುರಿಯುತ್ತ ಚೆನ್ನಾಗಿ ಕಡೆಯಬೇಕು. ಅದು ಹಾಲಿನಂತೆ ಬೆಳ್ಳಗಾಗಿ, ಮೇಲೆ ಎಣ್ಣೆಯ ಕಣ್ಣು ತೇಲದೆ ಇದ್ದರೆ ಹದವಾಯಿತೆಂದು ತಿಳಿಯುವುದು. ಬಳಿಕ ಉಳಿದ ನೀರನ್ನು ಸೇರಿಸಬೇಕು. ಹೀಗೆ ಕಲಸಿದುದನ್ನು ಅಂದೇ ಮುಗಿಸಬೇಕು. ಇಟ್ಟರೆ ಒಡೆದುಹೋಗಿ, ಬರಿಯ ಎಣ್ಣೆಯೇ ಎಲೆಯ ಮೇಲೆ ಬಿದ್ದು ಕೇಡಾಗುತ್ತದೆ. ಚಳಿಗಾಲದಲ್ಲಿ ಬೇವಿನೆಣ್ಣೆ ತುಪ್ಪದಂತೆ ಗಟ್ಟಿಯಾಗುವುದುಂಟು. ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಬಾರದು.

ಸಿಂಪಡಿಸಲು ಯೋಗ್ಯವಾದ ವೇಳೆ ಸಾಯಂಕಾಲ. ಅದಕ್ಕೆ ಕಾರಣಗಳು ಮೂರು. ಬಿಸಿಲಿನಲ್ಲಿ ಎಣ್ಣೆ ಬಿದ್ದ ಎಲೆ ಕರಕಾಗುತ್ತದೆ. ಹೈದರಾಬಾದಿನ ಮೇ ತಿಂಗಳ ಬಿಸಿಲಿನ ವಿಚಾರವಂತೂ ಹೇಳುವುದೇ ಬೇಡ. ಬೇವಿನ ಸತ್ತ್ವವು ಸೂರ್ಯನ ಬೆಳಕಿಗೆ ಬೇಗನೆ ಕೆಡುತ್ತದೆ. ಜೇನ್ನೊಣಗಳು ಹಗಲಿನಲ್ಲಿ ಹೂವಿಗೆ ಬರುವುದರಿಂದ ಅವುಗಳನ್ನು ತಪ್ಪಿಸಿದಂತಾಗುತ್ತದೆ. ಹುಳುಗಳು ಅಡಗಿಕೊಳ್ಳುವುದು ಎಲೆಯ ಅಡಿಭಾಗದಲ್ಲಿ. ಆದ ಕಾರಣ ಸಿಂಪರಣೆ ಅಲ್ಲಿಗೆ ತಲುಪದಿದ್ದರೆ ಶ್ರಮವೆಲ್ಲ ವ್ಯರ್ಥ. ಮೊದಲ ಸಲ ಎರಡು ಮೂರು ಎಲೆಗಳಿಗೆ ಮಾತ್ರ ಹಾಕಿ, ಮರುದಿನ ನೋಡಿ, ಕಲೆ ಬೀಳದಿದ್ದರೆ ಇಡೀ ಗಿಡಕ್ಕೆ ಹಾಕುವುದು ಜಾಣತನ. ಏಳರಿಂದ ಹತ್ತು ದಿನಗಳಿಗೊಮ್ಮೆ ಎರಡು ಮೂರು ಸಲ ಮಾಡಬೇಕು. ಏಕೆಂದರೆ ಎಣ್ಣೆಯು ಎಲ್ಲ ಮೊಟ್ಟೆಗಳನ್ನೂ ನಾಶಮಾಡಲಾರದು, ಹೊಸ ಮರಿಗಳು ಹೊರಬರುತ್ತವೆ. ತೆಂಗಿನ ಗೊನೆಗಾಗಿ ಮೇಲೆ ಹೇಳಿದ ಮಿಶ್ರಣದಲ್ಲಿ ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಇರುವುದನ್ನು ನೋಡಿ, ಟೊಮೇಟೊ ಗಿಡಕ್ಕೂ ಅಷ್ಟೇ ಹಾಕಿದರೆ ಗಿಡ ಉಳಿಯುವುದು ಕಷ್ಟ. ತೆಂಗಿನ ಕಾಯಿಯ ತೊಗಟೆ ಬೇರೆ, ಮೆಣಸಿನ ಎಲೆಯ ಚರ್ಮ ಬೇರೆ.

ಯಾವುದಕ್ಕೆ ಯಾವುದು

ಕರಿಬೇವಿನ ಚಿಗುರು ಮುರುಟುವುದಕ್ಕೆ ಕಾರಣವಾದ ಜಿಗಿಹುಳು, ಬದನೆ ಬೆಂಡೆಗಳ ಸಸ್ಯಹೇನು, ದಾಸವಾಳದ ಹಿಟ್ಟುತಿಗಣೆ, ಮೆಣಸಿನ ನುಸಿ, ಟೊಮೇಟೊವಿನ ಬಿಳಿನೊಣ: ಇವಕ್ಕೆಲ್ಲ ಬೇವಿನೆಣ್ಣೆಯೇ ಮೊದಲ ಮದ್ದು. ಸೋರೆ, ಕುಂಬಳದ ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಹರಡುವ ಬೂದಿರೋಗವನ್ನು ಆರಂಭದಲ್ಲಿಯೇ ಕಂಡುಹಿಡಿದು ಸಿಂಪಡಿಸಿದರೆ ಅದು ಮುಂದುವರಿಯದಂತೆ ತಡೆಯಬಹುದು.

ಬೇವಿನೆಣ್ಣೆ ಸಿಗದಲ್ಲಿ ಹೊಂಗೆ ಎಣ್ಣೆಯನ್ನು ಇದೇ ಪ್ರಮಾಣದಲ್ಲಿ ಉಪಯೋಗಿಸಬಹುದು. ಹಿಂದೆ ನಮ್ಮ ಹಳ್ಳಿಗಳಲ್ಲಿ ದೀಪ ಉರಿಸುತ್ತಿದ್ದ ಎಣ್ಣೆಯೇ ಇದು. ಹೈದರಾಬಾದಿನ ರಸ್ತೆಗಳ ಇಕ್ಕೆಲಗಳಲ್ಲಿ ನೆರಳು ಕೊಡುವ, ತೆಲುಗರು ಕಾನುಗ ಎಂದು ಕರೆಯುವ ಮರವು ನಮ್ಮ ಹೊಂಗೆಯೇ ಎಂಬುದನ್ನು ಅನೇಕ ಕನ್ನಡಿಗರು ಗಮನಿಸಿರಲಿಕ್ಕಿಲ್ಲ. ಬೇವಿನ ಹಿಂಡಿಯನ್ನು ಕುಂಡದ ಮಣ್ಣಿಗೆ ಹಿಡಿಯಷ್ಟು ಬೆರೆಸಿದರೆ ಬೇರುಗಳಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮವಾದ ಜಂತುಗಳು ಕಡಿಮೆಯಾಗುತ್ತವೆ, ಗಿಡಕ್ಕೆ ಗೊಬ್ಬರವೂ ಆಗುತ್ತದೆ.

ತೆಲಂಗಾಣದ ಒಣಭೂಮಿಯ ಹಳೆಯ ಬೆಳೆಯಾದ ಹರಳಿನ ಎಣ್ಣೆಗೆ ಬೇರೊಂದು ಉಪಯೋಗವುಂಟು. ಹಳದಿ ಬಣ್ಣ ಬಳಿದ ತಗಡಿನ ತುಂಡಿಗೆ ಹರಳೆಣ್ಣೆಯನ್ನು ಸವರಿ ಗಿಡಗಳ ನಡುವೆ ನಿಲ್ಲಿಸಿದರೆ, ಹಳದಿಗೆ ಮರುಳಾಗುವ ಬಿಳಿನೊಣಗಳೂ ರೆಕ್ಕೆಯ ಹೇನುಗಳೂ ಬಂದು ಅಂಟಿಕೊಳ್ಳುತ್ತವೆ. ಕೆಲವು ದಿನಗಳಿಗೊಮ್ಮೆ ಒರೆಸಿ ಮತ್ತೆ ಸವರಬೇಕು. ಖಾಲಿಯಾದ ಎಣ್ಣೆ ಡಬ್ಬಿಯ ಮುಚ್ಚಳವೇ ಇದಕ್ಕೆ ಸಾಕು. ಬಿತ್ತನೆಗೆಂದು ತೆಗೆದಿಟ್ಟ ಅಲಸಂದೆ, ಹೆಸರು, ಕಡಲೆಗಳಿಗೆ ಕಿಲೋ ಒಂದಕ್ಕೆ 5 ಮಿಲಿಲೀಟರಿನಂತೆ ಹರಳೆಣ್ಣೆಯನ್ನು ಸವರಿಟ್ಟರೆ ಹುಳು ಹಿಡಿಯುವುದು ಬಹಳ ಕಡಿಮೆಯಾಗುತ್ತದೆ.

ಆದರೆ ಎಣ್ಣೆಯು ಸರ್ವರೋಗನಿವಾರಕವೆಂದು ಭ್ರಮಿಸಕೂಡದು. ಕಾಯಿಯೊಳಗೆ ಸೇರಿಕೊಂಡ ಹುಳುವಿಗೆ ಸಿಂಪರಣೆ ತಲುಪುವುದಿಲ್ಲ. ಅಂಥ ಕಾಯನ್ನು ಕಿತ್ತು ದೂರ ಒಯ್ದು ನಾಶಮಾಡಬೇಕು. ದೊಡ್ಡ ಕಂಬಳಿಹುಳುವನ್ನು ಕೈಯಿಂದಲೇ ಆರಿಸಬೇಕು. ಎಲೆಮುರುಟು ವೈರಸ್ ಹಿಡಿದ ಗಿಡ ಎಣ್ಣೆಯಿಂದ ಗುಣವಾಗದು. ಅದನ್ನು ಹರಡುವ ಬಿಳಿನೊಣವನ್ನು ಕಡಿಮೆಮಾಡಬಹುದು, ಅಷ್ಟೆ. ಕುಂಡದಲ್ಲಿ ನೀರು ನಿಂತು ಬೇರು ಕೊಳೆತರೆ ತಪ್ಪು ನೀರೆರೆದವನದು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯುಳ್ಳ ಗುಲಗಂಜಿ ಹುಳುಗಳು ಗಿಡದ ಮೇಲೆ ಓಡಾಡುತ್ತಿದ್ದರೆ ಸಿಂಪರಣೆಯನ್ನು ಮುಂದೂಡುವುದು ಮೇಲು. ಹೇನುಗಳನ್ನು ತಿಂದು ಮುಗಿಸುವ ಕೆಲಸವನ್ನು ಅವು ಸಂಬಳವಿಲ್ಲದೆ ಮಾಡುತ್ತವೆ. 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ಪಪಾಯದ ಹಿಟ್ಟುತಿಗಣೆಯನ್ನು ಕೊನೆಗೆ ಹತೋಟಿಗೆ ತಂದದ್ದು ಯಾವ ಸಿಂಪರಣೆಯೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯು 2010ರಲ್ಲಿ ಹೊರದೇಶದಿಂದ ತರಿಸಿ ಬಿಡುಗಡೆಮಾಡಿದ ಒಂದು ಸಣ್ಣ ಕಣಜದ ಜಾತಿಯ ಕೀಟ.

ಮರೆಯಬಾರದ ಎಚ್ಚರಿಕೆಗಳು

ಗಿಡದಿಂದ ಬಂದುದೆಲ್ಲವೂ ನಿರಪಾಯಕರವೆಂಬ ನಂಬಿಕೆ ತಪ್ಪು. ಶಿಶುಗಳಿಗೆ ಬೇವಿನೆಣ್ಣೆಯನ್ನು ಕುಡಿಸಿ, ವಾಂತಿ, ಸೆಳವುಗಳುಂಟಾಗಿ ಪ್ರಾಣಾಪಾಯವಾದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ತೋಟದ ಎಣ್ಣೆಯನ್ನು ಔಷಧವೆಂದು ಯಾರಿಗೂ ಕುಡಿಸಬಾರದು. ಹರಳೆಣ್ಣೆಗೆ ಬದಲಾಗಿ ಹರಳಿನ ಬೀಜವನ್ನೇ ಅರೆದು ಹಾಕುವ ಪ್ರಯೋಗ ಬೇಡ. ಬೀಜದಲ್ಲಿ ರೈಸಿನ್ ಎಂಬ ಘೋರ ವಿಷವಿದೆ. ಬೇವಿನ ಮಿಶ್ರಣ ಮೀನುಗಳಿಗೆ ಆಗದು. ಉಳಿದುದನ್ನು ಕೊಳಕ್ಕಾಗಲಿ ಕೆರೆಗಾಗಲಿ ಸುರಿಯಬಾರದು. ಕಣ್ಣಿಗೆ ಬೀಳದಂತೆ, ಗಾಳಿಗೆ ಬೆನ್ನುಮಾಡಿ ನಿಂತು ಸಿಂಪಡಿಸಬೇಕು; ಆಮೇಲೆ ಕೈಕಾಲು ತೊಳೆಯಬೇಕು. ಸೊಪ್ಪು ತರಕಾರಿಗಳನ್ನು ಸಿಂಪಡಿಸಿದ ಒಂದು ವಾರ ಬಿಟ್ಟು ಕೊಯ್ದು, ಚೆನ್ನಾಗಿ ತೊಳೆದು ಬಳಸುವುದು ಕ್ಷೇಮ. ಅಂಗಡಿಯಿಂದ ಬೇವಿನ ಸಿದ್ಧ ಕೀಟನಾಶಕವನ್ನು ತಂದರೆ ಅದರ ಅಳತೆ ಬೇರೆ. 300, 1500, 10000 ಪಿ.ಪಿ.ಎಂ. ಎಂದು ಅದರ ಸತ್ತ್ವವನ್ನು ನಮೂದಿಸಿರುತ್ತಾರೆ. ಆ ಚೀಟಿಯ ಮೇಲಿನ ಸೂಚನೆಯನ್ನೇ ಅನುಸರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು: ಇದಕ್ಕೆ ಬಳಸಿದ ಲೋಟ, ಚಮಚ, ಪಾತ್ರೆ ಯಾವುದೂ ಮರಳಿ ಅಡುಗೆಮನೆಯೊಳಗೆ ಬರಬಾರದು. ಬಾಟಲಿಯ ಮೇಲೆ ಕನ್ನಡ, ತೆಲುಗು, ಹಿಂದಿ ಮೂರರಲ್ಲಿಯೂ ಹೆಸರು ಬರೆದು ಅಂಟಿಸಿ, ಉಗ್ರಾಣದ ಹೊರಗೆ ಬೀಗದ ಪೆಟ್ಟಿಗೆಯಲ್ಲಿಡಬೇಕು. ಹೋಟೆಲಿನಲ್ಲಿ ಇಂದು ಇರುವ ಹುಡುಗ ನಾಳೆ ಇರುವುದಿಲ್ಲ. ಬರುವ ಹೊಸಬನಿಗೆ ಬಾಟಲಿಯೇ ಮಾತಾಡಿ ಹೇಳುವಂತಿರಬೇಕು.

ಬೇವಿಗೇ ಬಂದ ರೋಗ

2021ರ ಕೊನೆಯ ತಿಂಗಳುಗಳಲ್ಲಿ ತೆಲಂಗಾಣದಾದ್ಯಂತ ಬೇವಿನ ಮರಗಳ ತುದಿಗಳು ಬೆಂಕಿ ತಗುಲಿದಂತೆ ಕಂದಿ ಒಣಗಿದುದನ್ನು ಕುಷಾಯಿಗೂಡದವರೆಲ್ಲರೂ ಕಂಡಿದ್ದಾರೆ. ಜನರು ಅಪಶಕುನವೆಂದು ಅಂಜಿದರು. ಇಲ್ಲಿಯ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪರೀಕ್ಷಿಸಿ, ಇದು ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರದಿಂದ ಬರುವ ತುದಿಯೊಣಗು ರೋಗವೆಂದೂ, ಚಹಾ ಸೊಳ್ಳೆಯೆಂಬ ತಿಗಣೆಯ ಕಾಟವೂ ಜೊತೆಗೆ ಸೇರಿದೆಯೆಂದೂ ತಿಳಿಸಿದರು. ಈ ಶಿಲೀಂಧ್ರವನ್ನು ಹೊಸ ಜಾತಿಯೆಂದು ಗುರುತಿಸಿ 1997ರಲ್ಲಿ ಹೆಸರಿಟ್ಟವರು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು. ಚಹಾ ಸೊಳ್ಳೆಯಾದರೋ, ಯಾವುದನ್ನು ಕೊಲ್ಲಲು ಕಾಸರಗೋಡಿನ ಗುಡ್ಡಗಳ ಮೇಲೆ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ವಿಷವನ್ನು ಸುರಿದರೋ ಅದೇ ಕೀಟ. ವಿಷ ಸುರಿದವರು ಹೋದರು, ಆ ವಿಷದ ಮಾರಾಟವೂ ನಿಂತಿತು. ತಿಗಣೆ ಮಾತ್ರ ಇನ್ನೂ ಇದೆ. ನಮ್ಮ ಮರಗಳಾದರೂ ಬಹುಪಾಲು ಮುಂದಿನ ವಸಂತದಲ್ಲಿ ಮತ್ತೆ ಚಿಗುರಿದವು.

ಪ್ರತಿವರ್ಷ ಆಷಾಢದಲ್ಲಿ ಬೋನಾಲು ಹಬ್ಬ ಬಂದಾಗ ಇಲ್ಲಿಯ ಹೆಣ್ಣುಮಕ್ಕಳು ಬೇವಿನ ಸೊಪ್ಪಿನಿಂದ ಸಿಂಗರಿಸಿದ ಗಡಿಗೆಗಳನ್ನು ತಲೆಯ ಮೇಲಿಟ್ಟು ದೇವಿಯ ಗುಡಿಗೆ ನಡೆಯುತ್ತಾರೆ. ಬೇವಿನ ಹಣ್ಣುಗಳು ಉದುರುವುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಎಣ್ಣೆ ಕೊಳ್ಳಲು ಅನುಕೂಲವಿಲ್ಲದವರು ಆ ಹಣ್ಣುಗಳನ್ನು ಆಯ್ದು, ತಿರುಳನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬಹುದು. ಸಿಪ್ಪೆ ತೆಗೆದ 50 ಗ್ರಾಂ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಹಿಂಡಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿದರೆ ಸಿಂಪರಣೆ ಸಿದ್ಧ. ಇದಕ್ಕೆ ಬೇಕಾದುದು ಹಣವಲ್ಲ; ಬೆಳಗಿನ ಪಾಳಿಗೆ ಮೊದಲು ಅರ್ಧ ಗಂಟೆ ಮರದಡಿಯಲ್ಲಿ ಬಗ್ಗುವ ಮನಸ್ಸು.

ನಮ್ಮ ಕರಿಬೇವಿನ ಗಿಡದ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ವಿಷ ಬಿದ್ದ ಕೊಂಬೆಗಳನ್ನೆಲ್ಲ ಕಡಿದು ಹಾಕಿಸಿದೆವು. ಮಳೆ ಬಿದ್ದ ಮೇಲೆ ಬುಡದಿಂದ ಹೊಸ ಚಿಗುರು ಬಂದಿತು. ಅದಕ್ಕೆ ಎಣ್ಣೆಯ ನೀರನ್ನಲ್ಲದೆ ಬೇರೆ ಯಾವುದನ್ನೂ ಸೋಕಿಸಲಿಲ್ಲ. ಹುಳು ಪೂರ್ತಿಯಾಗಿ ಹೋಯಿತೆಂದು ಹೇಳಲಾರೆ; ಸಾಂಬಾರಿಗೆ ಬೇಕಾದಷ್ಟು ಸೊಪ್ಪು ಮಾತ್ರ ಸಿಕ್ಕುತ್ತಿತ್ತು. ಹುಡುಗನು ಒಂದು ತಿಂಗಳು ಊರಿನಲ್ಲಿದ್ದು ಹಿಂದಿರುಗಿ ಬಂದನು. ಆ ವರ್ಷದ ಆಷಾಢದಲ್ಲಿ ಗಿಡಕ್ಕೆ ಎಣ್ಣೆನೀರನ್ನು ನಾನೇ ಕಲಸಿ ನಾನೇ ಸಿಂಪಡಿಸಿದೆ. ಅವನು ದೂರದಲ್ಲಿ ನಿಂತು ನೋಡಿದನು. ಎರಡನೆಯ ಸಲ ತಾನಾಗಿಯೇ ಬಂದು, "ಎಲೆಯ ಅಡಿಗೂ ಬೀಳಬೇಕು, ಅಣ್ಣಾ" ಎಂದು ನನ್ನ ಕೈಯಿಂದ ಪಂಪನ್ನು ತೆಗೆದುಕೊಂಡನು.